ಫಿರಂಗಿ ಎಳೆದ ಹೆಗಲು

ಮೈಸೂರು ಯುದ್ಧಗಳ ಮಾತು ಬಂದರೆ ಎಲ್ಲರೂ ರಾಕೆಟ್ಟಿನ ಹಿಂದೆ ಓಡುತ್ತಾರೆ. ನಾನು ಎತ್ತಿನ ಬಾಲ ಹಿಡಿದು ಹೊರಟಿದ್ದೇನೆ. ರಾವಂದೂರು ಸೀಮೆಯವನಿಗೆ ಅದೇ ಸಲೀಸು. ರಾಕೆಟ್ಟನ್ನು ನಾನು ಕಂಡದ್ದು ಚಿತ್ರದಲ್ಲಿ. ಎತ್ತನ್ನು ಕಂಡದ್ದು ಹಟ್ಟಿಯಲ್ಲಿ.

ಚಿಕ್ಕಂದಿನಲ್ಲಿ ನೋಡಿದ ಒಂದು ಸಂಗತಿ ಇನ್ನೂ ಕಣ್ಣಿಗೆ ಕಟ್ಟಿದೆ. ಆಷಾಢದ ಜಡಿಮಳೆ. ರಾಗಿ ಚೀಲ ಹೇರಿದ್ದ ಗಾಡಿಯೊಂದು ಗದ್ದೆ ದಾರಿಯ ಕೆಸರಿನಲ್ಲಿ ಅಚ್ಚಿನವರೆಗೂ ಹೂತಿತ್ತು. ಇಬ್ಬರು ಹುಡುಗರು ಬಾರುಕೋಲು ಹಿಡಿದು ಎತ್ತುಗಳ ಬೆನ್ನು ಬಾಸುಂಡೆ ಮಾಡುತ್ತಿದ್ದರು. ಒಂದು ಎತ್ತು ಮುಂದಕ್ಕೆ ಜಗ್ಗಿದಾಗ ಇನ್ನೊಂದು ಕಾಲು ಜಾರಿ ನಿಲ್ಲುತ್ತಿತ್ತು. ಅದು ಜಗ್ಗಿದಾಗ ಇದು ನಿಲ್ಲುತ್ತಿತ್ತು. ಗಾಡಿ ಅಲ್ಲಾಡಲಿಲ್ಲ. ಆಗ ಒಬ್ಬ ಮುದುಕ ಬಂದ. "ಹೊಡೀಬ್ಯಾಡ ಕಣ್ಲಾ, ತಡಿ" ಅಂದ. ಒಂದು ಚೀಲವನ್ನೂ ಇಳಿಸಲಿಲ್ಲ. ಚಕ್ರದ ಮುಂದಿನ ಮಣ್ಣನ್ನು ಗುದ್ದಲಿಯಲ್ಲಿ ಓರೆಯಾಗಿ ಕೆರೆದು ಒಂದೆರಡು ಕಲ್ಲು ಹಾಕಿದ. ಎತ್ತುಗಳನ್ನು ಸುಮ್ಮನೆ ನಿಲ್ಲಲು ಬಿಟ್ಟು ಗಂಗೆದೊಗಲು ನೀವಿದ. ಎರಡರ ಕಾಲೂ ನೆಲ ಕಚ್ಚಿದ್ದನ್ನು ನೋಡಿಕೊಂಡು ನಾಲಿಗೆಯಲ್ಲಿ ಒಂದು ಸದ್ದು ಮಾಡಿದ. ಎರಡೂ ಒಟ್ಟಿಗೆ ಬಾಗಿದವು. ಗಾಡಿ ಎದ್ದು ಬಂತು. "ಕೀಳಕ್ಕೆ ಕಸುವು ಬೇಕು ಕಣಪ್ಪ. ಎದ್ಮ್ಯಾಕೆ ಗಾಡಿ ತಾನೇ ಬತ್ತದೆ" ಅಂದು ಹೊರಟುಹೋದ.

ನಿಂತದ್ದು ನಿಂತೇ ಇರಲು ನೋಡುತ್ತದೆ, ನಡೆಯುವುದು ನಡೆಯುತ್ತಲೇ ಇರಲು ನೋಡುತ್ತದೆ. ಅದನ್ನು ಬದಲಿಸಬೇಕಾದರೆ ಹೊರಗಿನಿಂದ ಬಲ ಬೀಳಬೇಕು. ಶಾಲೆಯಲ್ಲಿ ಜಡತ್ವದ ನಿಯಮವೆಂದು ಇದನ್ನು ಉರು ಹೊಡೆಯುವ ಹೊತ್ತಿಗೆ ನನಗೆ ಆ ಮುದುಕನ ಮುಖ ನೆನಪಾಗುತ್ತಿತ್ತೇ ಹೊರತು ನ್ಯೂಟನ್ನನದ್ದಲ್ಲ.

ನ್ಯೂಟನ್ ತನ್ನ 'ಪ್ರಿನ್ಸಿಪಿಯಾ' ಪ್ರಕಟಿಸಿದ್ದು 1687ರಲ್ಲಿ. ಅದೇ ವರ್ಷ ಮೊಗಲರ ಸೇನಾಪತಿ ಕಾಸಿಂ ಖಾನ್ ಬೆಂಗಳೂರನ್ನು ಹಿಡಿದ. ಅದನ್ನು ಮೂರು ಲಕ್ಷ ರೂಪಾಯಿಗೆ ಕೊಂಡವರು ಮೈಸೂರಿನ ಚಿಕ್ಕದೇವರಾಜ ಒಡೆಯರು. ಲಂಡನ್ನಿನ ಪುಸ್ತಕದ ಸುದ್ದಿ ಶ್ರೀರಂಗಪಟ್ಟಣಕ್ಕೆ ಮುಟ್ಟಿರಲಾರದು, ಮುಟ್ಟಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಚಲನೆ ಎಂಬ ಒಂದೇ ವಿಷಯಕ್ಕೆ ಇಬ್ಬರೂ ಕೈ ಹಾಕಿದ್ದರು. ನ್ಯೂಟನ್ ಅದರ ಲೆಕ್ಕ ಬರೆದ. ಚಿಕ್ಕದೇವರಾಜರು ಅದಕ್ಕೆ ಬೇಕಾದ ದನ ಸಾಕಿಸಿದರು. ಅರಮನೆಗೆ ಹಾಲು ಬೆಣ್ಣೆ ಒದಗಿಸಲೆಂದು ಇದ್ದ ಹಸುಗಳ ಹಿಂಡಿಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಕಟ್ಟಿ, ರಾಜ್ಯದ ಬೇರೆ ಬೇರೆ ಕಡೆ ಮೇವಿನ ಕಾವಲುಗಳನ್ನು ಬಿಡಿಸಿಕೊಟ್ಟರು. ನಮ್ಮ ಕಡೆ ಈಗಲೂ ಊರ ಹೆಸರಿನ ಬಾಲಕ್ಕೆ 'ಕಾವಲ್' ಅಂಟಿಕೊಂಡಿರುವುದನ್ನು ಬಸ್ಸಿನ ಬೋರ್ಡಿನಲ್ಲಿ ಓದಬಹುದು.

ಬೆಣ್ಣೆಗೆಂದು ಇದ್ದ ಹಸು ಯುದ್ಧಕ್ಕೆ ಕರು ಹಾಕತೊಡಗಿದ್ದು ಹೈದರಾಲಿಯ ಕಾಲದಲ್ಲಿ. ಸೋತ ಪಾಳೆಯಗಾರರ ಹಿಂಡುಗಳೂ ಬಂದು ಸೇರಿದವು. ಹಾಗಲವಾಡಿಯ ತಳಿ, ಚಿತ್ರದುರ್ಗದ ತಳಿ, ಮೊದಲೇ ಇದ್ದ ಹಳ್ಳಿಕಾರ್ ಬೆರೆತವು. ಬೂದು ಮೈ, ಹಿಂದಕ್ಕೆ ಬಾಗಿದ ಚೂಪು ಕೋಡು, ಸಣ್ಣ ಗಟ್ಟಿ ಗೊರಸು, ಕಾವಲಿನಲ್ಲಿ ಅರೆಕಾಡಾಗಿ ಬೆಳೆದ ಮುಂಗೋಪ. ಹಾಲು ಕಡಿಮೆ, ನಡಿಗೆ ಬಿರುಸು. ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಹಿಂಡುಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಹುಕುಂನಾಮೆ ಹೊರಡಿಸಿದವನೂ ಅವನೇ.

ಒಂದು ಸಾಮ್ರಾಜ್ಯ ಎತ್ತಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ? ಲೆಕ್ಕ ಹಾಕಿ ನೋಡೋಣ. ಕೋಟೆ ಗೋಡೆ ಒಡೆಯುವ 24 ಪೌಂಡಿನ ಕಬ್ಬಿಣದ ಫಿರಂಗಿ ಎಂದರೆ 24 ಪೌಂಡು ತೂಗುವುದು ಅದರ ಗುಂಡು, ಅಂದರೆ ಹನ್ನೊಂದು ಕಿಲೋ. ಫಿರಂಗಿಯ ತೂಕ ಸುಮಾರು ಎರಡೂವರೆ ಟನ್. ಅದನ್ನು ಕೂರಿಸುವ ಗಾಡಿಯೂ ಸೇರಿದರೆ ಮೂರೂವರೆ ಟನ್ ಎಂದಿಟ್ಟುಕೊಳ್ಳಿ. ಒಳ್ಳೆಯ ಎತ್ತು ದಿನವಿಡೀ ದಣಿಯದೆ ಎಳೆಯಬಲ್ಲ ಬಲ ಅದರ ಮೈತೂಕದ ಹತ್ತರಲ್ಲಿ ಒಂದು ಪಾಲು, ಅಂದಾಜು 45 ಕಿಲೋ ತೂಕದಷ್ಟು. ಗಟ್ಟಿ ನೆಲದಲ್ಲಿ ಚಕ್ರ ಉರುಳಿಸಲು ಭಾರದ ಇಪ್ಪತ್ತರಲ್ಲಿ ಒಂದು ಪಾಲು ಬಲ ಸಾಕು; ಆಗ ನಾಲ್ಕೇ ಎತ್ತು ಈ ಫಿರಂಗಿಯನ್ನು ಎಳೆದುಬಿಡುತ್ತವೆ. ಮಳೆ ಬಂದು ಕೆಸರಾದರೆ ಭಾರದ ಕಾಲುಭಾಗದಷ್ಟು ಬಲ ಬೇಕಾಗಬಹುದು. ಆಗ ಇಪ್ಪತ್ತು ಎತ್ತು. ದಾರಿ ಹತ್ತಡಿಗೆ ಒಂದಡಿ ಏರಿದರೆ ಮತ್ತೆ ಎಂಟು.

ಕಾಗದದ ಮೇಲಿನ ಇಪ್ಪತ್ತೆಂಟು ಎತ್ತು ನೆಲದ ಮೇಲೆ ಸಾಲುತ್ತಿರಲಿಲ್ಲ. ಹದಿನಾಲ್ಕು ಜೋಡಿಯನ್ನು ಉದ್ದ ಹಗ್ಗಕ್ಕೆ ಕಟ್ಟಿದರೆ ಮುಂದಿನ ಜೋಡಿ ಜಗ್ಗುವಾಗ ಹಿಂದಿನದು ಮೇವು ನೆನೆಯುತ್ತಿರುತ್ತದೆ. ತಿರುವು ಬಂದರೆ ಮುಂದಿನವು ಅಡ್ಡಕ್ಕೆ ಎಳೆಯುತ್ತವೆ. ಬಲ ಕೂಡಬೇಕಾದರೆ ಹೊತ್ತೂ ಕೂಡಬೇಕು, ದಿಕ್ಕೂ ಕೂಡಬೇಕು. ಹಾಗಾಗಿಯೇ ಬ್ರಿಟಿಷ್ ಸೇನೆ ಒಂದೊಂದು ದೊಡ್ಡ ಫಿರಂಗಿಗೂ ಎತ್ತುಗಳ ದಂಡನ್ನೇ ಹೂಡಿ, ಹಿಂದಿನಿಂದ ಹಣೆಯಲ್ಲಿ ನೂಕಲು ಆನೆಯನ್ನೂ ಇಟ್ಟುಕೊಳ್ಳುತ್ತಿತ್ತು. ಕೆಸರಿನ ಗಾಡಿಯ ಮುದುಕ ಎರಡು ಎತ್ತಿಗೆ ಮಾಡಿದ್ದನ್ನು ನಲವತ್ತು ಎತ್ತಿಗೆ ಮಾಡಬಲ್ಲವರು ಬೇಕಿತ್ತು. ಅಂಥವರು ಮೈಸೂರಿನಲ್ಲಿದ್ದರು.

ಇಲ್ಲಿ ಇನ್ನೊಂದು ಲೆಕ್ಕ. ನಡೆಯುವ ವಸ್ತುವಿನ ರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಸಿಗುವುದು ಸಂವೇಗ. ಹನ್ನೊಂದು ಕಿಲೋ ಗುಂಡು ಸೆಕೆಂಡಿಗೆ 450 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ ಐದು ಸಾವಿರದ ಹತ್ತಿರ. ಮೂರೂವರೆ ಟನ್ನಿನ ಫಿರಂಗಿ ಎತ್ತಿನ ನಡಿಗೆಯಲ್ಲಿ, ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ಉರುಳಿದರೆ ಅದರ ಸಂವೇಗ ನಾಲ್ಕು ಸಾವಿರದ ಹತ್ತಿರ. ಗುಡುಗಿ ಹಾರುವ ಗುಂಡಿಗೂ ಕಿರುಗುಟ್ಟುತ್ತ ಹೋಗುವ ಗಾಡಿಗೂ ಹೆಚ್ಚುಕಡಿಮೆ ಒಂದೇ ಅಂಕಿ! ಶಕ್ತಿಯ ಲೆಕ್ಕದಲ್ಲಿ ಗುಂಡಿನದು ನೂರಾರು ಪಟ್ಟು ಹೆಚ್ಚು, ಅದು ಬೇರೆ ಮಾತು. ಆದರೆ ಮದ್ದು ಉರಿದು ಗುಂಡನ್ನು ಮುಂದಕ್ಕೆ ದೂಡಿದಾಗ ಅಷ್ಟೇ ಸಂವೇಗ ಫಿರಂಗಿಯನ್ನು ಹಿಂದಕ್ಕೆ ದೂಡುತ್ತದೆ. ಮೂರೂವರೆ ಟನ್ ಭಾರ ಗಂಟೆಗೆ ಐದು ಕಿಲೋಮೀಟರಿನ ವೇಗದಲ್ಲಿ ಹಿಂದಕ್ಕೆ ಜಿಗಿಯುತ್ತದೆ, ಎತ್ತು ಎಳೆದು ತಂದದ್ದಕ್ಕಿಂತ ಒಂದಿಷ್ಟು ಜೋರಾಗಿಯೇ. ಫಿರಂಗಿ ಇಷ್ಟು ಭಾರ ಇರಬೇಕಾದದ್ದು ಇದಕ್ಕೂ ಹೌದು. ಹಗುರ ಮಾಡಿದರೆ ಎತ್ತಿಗೆ ಸುಖ; ಹಿಂದೆ ನಿಂತ ಗೋಲಂದಾಜನಿಗೆ ಸಾವು.

ಆ ಗುಂಡು ಕಲ್ಲಿನ ಗೋಡೆಗೆ ಬಡಿದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಲ್ಲಿ ನಿಂತಿತೆಂದರೆ ಗೋಡೆಯ ಮೇಲೆ ಬೀಳುವ ಬಲ ಸುಮಾರು ಐವತ್ತು ಟನ್ ತೂಕದಷ್ಟು. ಮಣ್ಣಿನ ಕೋಟೆಗೆ ಬಡಿದರೆ ಒಳಗೆ ಹೂತುಕೊಂಡು ನಿಧಾನ ನಿಲ್ಲುತ್ತದೆ. ಕಳೆಯಬೇಕಾದ ಸಂವೇಗ ಅಷ್ಟೇ, ಹೊತ್ತು ಹೆಚ್ಚು, ಅದಕ್ಕೆ ಬಲ ಕಡಿಮೆ. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಹುಡುಗನಿಗೆ ಇದು ಗೊತ್ತು. ಬಲವನ್ನು ಅದು ಬಿದ್ದಷ್ಟು ಹೊತ್ತಿನಿಂದ ಗುಣಿಸಿದ್ದಕ್ಕೆ ಪಠ್ಯಪುಸ್ತಕ ಆವೇಗ ಎನ್ನುತ್ತದೆ. ಪಾಳೆಯಗಾರರ ಮಣ್ಣಿನ ಕೋಟೆಗಳನ್ನು ನೋಡಿ ನಗುವವರು ಇದನ್ನೊಂದು ಸಲ ಯೋಚಿಸಬೇಕು.

ಲೆಕ್ಕ ಸಾಕು. ಈ ಲೆಕ್ಕ ತಪ್ಪಿದವನ ಗತಿ ಏನಾಯಿತೆಂದು ನೋಡೋಣ.

1791ರ ಮಾರ್ಚಿ 21ರಂದು ಬ್ರಿಟಿಷ್ ಸೇನೆಯ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳ ಮೊದಲ ವಾರ ಶ್ರೀರಂಗಪಟ್ಟಣಕ್ಕೆ ಹೊರಟ. ನೇರ ದಾರಿಯಲ್ಲಿ ಟಿಪ್ಪುವಿನ ಜನ ಮೇವು ಸುಟ್ಟಿದ್ದರಿಂದ ಕಾನಕಾನಹಳ್ಳಿಯ ಸುತ್ತುದಾರಿ ಹಿಡಿದ. ಅಲ್ಲೂ ಹಳ್ಳಿಗಳು ಬರಿದು, ಕಣಗಳು ಬೂದಿ. ಮೇ 13ಕ್ಕೆ ಕಾವೇರಿ ದಡದ ಅರಕೆರೆ ಮುಟ್ಟಿದ. 15ರಂದು ನಡೆದ ಕಾಳಗದಲ್ಲಿ ಗೆದ್ದ. ಗೆದ್ದು ಮಾಡುವುದೇನು? ಮುಂಗಾರು ಇಳಿದಿತ್ತು, ಹೊಳೆ ಏರಿತ್ತು, ಎತ್ತುಗಳು ಹಸಿವಿಗೂ ರೋಗಕ್ಕೂ ಸಾಲುಸಾಲಾಗಿ ಬಿದ್ದವು. ಹೊಳೆ ದಾಟುವ ಜಾಗ ಹುಡುಕುತ್ತ ಕನ್ನಂಬಾಡಿಗೆ ಹೋಗಬೇಕಾದಾಗ ದೊಡ್ಡ ಫಿರಂಗಿಗಳನ್ನು ಸಿಪಾಯಿಗಳೇ ಹಗ್ಗ ಹಿಡಿದು ಎಳೆದರು. ಎಷ್ಟು ದೂರ ಎಳೆದಾರು?

ಮೇ 22ರಂದು ಕನ್ನಂಬಾಡಿಯಲ್ಲಿ ಕಾರ್ನ್‌ವಾಲಿಸ್ ತನ್ನ ಕೋಟೆ ಒಡೆಯುವ ಫಿರಂಗಿಗಳನ್ನು ತಾನೇ ಒಡೆಸಿಹಾಕಿದ. ಬೆಂಗಳೂರಿನ ಗೋಡೆ ಬೀಳಿಸಿದ್ದ ಫಿರಂಗಿಗಳು. ಶತ್ರುವಿನ ಗುಂಡಿಗೆ ಸಿಕ್ಕಿ ಹೋದವಲ್ಲ. ಎಳೆಯುವ ಹೆಗಲಿಲ್ಲದೆ ಹೋದವು. ಶ್ರೀರಂಗಪಟ್ಟಣದ ಬತೇರಿಗಳು ಅಲ್ಲಿಂದ ಅರ್ಧ ದಿನದ ದಾರಿ.

ಇದರ ಬಿಸಿ ನಮ್ಮ ಪಿರಿಯಾಪಟ್ಟಣಕ್ಕೂ ತಟ್ಟಿತು. ಕೊಡಗಿನ ಘಟ್ಟ ಹತ್ತಿ ಬಂದ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೇನೆ ಅಲ್ಲಿ ಬಂದು ಕಾದಿತ್ತು. ಕಾರ್ನ್‌ವಾಲಿಸ್ ಹಿಂದಿರುಗುವುದು ಖಾತ್ರಿಯಾದ ಮೇಲೆ ಅದಕ್ಕೂ ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋಗುವಂತೆ ಹುಕುಂ ಬಂತು. ಕಾರ್ನ್‌ವಾಲಿಸ್ ಬೆಂಗಳೂರಿನ ಕಡೆ ತಿರುಗಿದ ಮೇಲೆ, ಇಷ್ಟು ದಿನ ಕಾಣದಿದ್ದ ಮರಾಠರ ಸೇನೆ ಎತ್ತು, ದವಸ ಎಲ್ಲ ಹೊತ್ತು ಎದುರಾಯಿತು. ನಾಲ್ಕೇ ದಿನ ಮುಂಚೆ ಬಂದಿದ್ದರೆ! ಮುಂದಿನ ಸಲ ಅವನು ಬುದ್ಧಿ ಕಲಿತು ಬಂದ. ಬಂಜಾರರ ಎತ್ತುಗಳು ದವಸ ಹೊತ್ತವು; 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಬುಡಕ್ಕೆ ಬಂದು ಕೂತ; ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ.

ಫಿರಂಗಿ ಒಡೆಸಿದ ಹಳೆಯ ಕನ್ನಂಬಾಡಿ ಇಂದು ಕೃಷ್ಣರಾಜಸಾಗರದ ನೀರಿನಡಿ ಇದೆ. ಕೆ.ಆರ್. ನಗರದ ಕಡೆಯಿಂದ ಬರುವ ಕಾವೇರಿ ಅದರ ಮೇಲೇ ನಿಲ್ಲುತ್ತದೆ.

ಇನ್ನು ಮೈಸೂರು ಸೇನೆಯ ಓಟ ಹೇಗಿತ್ತು? ರೈಸ್ ಅವರ ಮೈಸೂರು ಗೆಜೆಟಿಯರ್ ಮೂರು ಉದಾಹರಣೆ ಕೊಡುತ್ತದೆ. ಚಿದಂಬರಂ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು. ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದೇ ತಿಂಗಳಲ್ಲಿ ಪರ್ಯಾಯ ದ್ವೀಪದ ಆ ಕರೆಯಿಂದ ಈ ಕರೆಗೆ ದಾಟಿದ್ದು. ಜನರಲ್ ಮೆಡೋಸ್‌ನ ಕೈಗೆ ಸಿಗದಂತೆ ಎರಡು ದಿನದಲ್ಲಿ 63 ಮೈಲಿ ಸಾಗಿದ್ದು. ಮೊದಲನೆಯದನ್ನೇ ಬಿಡಿಸಿ ನೋಡಿ. ನೂರು ಮೈಲಿ ಎಂದರೆ 160 ಕಿಲೋಮೀಟರು, ದಿನಕ್ಕೆ 64. ಗಂಟೆಗೆ ನಾಲ್ಕರಂತೆ ನಡೆದರೂ ದಿನಕ್ಕೆ ಹದಿನಾರು ಗಂಟೆ ನೊಗ ಇಳಿಸುವಂತಿಲ್ಲ. ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಹೋಗಿಬಿಡುತ್ತಿದ್ದ ಚಾಕಚಕ್ಯವನ್ನೂ ಗೆಜೆಟಿಯರ್ ಅಮೃತಮಹಲಿನ ಲೆಕ್ಕಕ್ಕೇ ಬರೆಯುತ್ತದೆ. ನನ್ನ ಮಟ್ಟಿಗೆ ಗೆದ್ದ ಯುದ್ಧಗಳಿಗಿಂತ ಇದು ದೊಡ್ಡ ಸಾಕ್ಷಿ. ಗೆದ್ದವನು ನಿಧಾನವಾಗಿ ಫಿರಂಗಿ ಎಳೆಸಬಹುದು. ಸೋತವನಿಗೆ ಒಂದೇ ಅವಕಾಶ, ನಿಂತ ಭಾರ ಆ ಕ್ಷಣಕ್ಕೆ ಕದಲಬೇಕು.

ರಾಕೆಟ್ಟಿನ ಮಾತು ಬಿಟ್ಟರೆ ಓದುಗರು ಬಿಡುವುದಿಲ್ಲ. ಬಿದನೂರು, ಅಂದರೆ ಹೈದರನ ನಗರದಲ್ಲಿ, 2018ರಲ್ಲಿ ಹಾಳು ಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟಿನ ಕಬ್ಬಿಣದ ಕೊಳವೆಗಳು ಸಿಕ್ಕವು. ಬೇರೆಡೆ ರಾಕೆಟ್ಟಿಗೆ ಬಿದಿರು, ಕಾಗದ ಬಳಸುತ್ತಿದ್ದ ಕಾಲಕ್ಕೆ ಮೈಸೂರಿನವರು ಕಬ್ಬಿಣದ ಕೊಳವೆಯಲ್ಲಿ ಮದ್ದು ಅಡಕಿದರು. ಒಳಗಿನ ಒತ್ತಡ ಹೆಚ್ಚಿದರೂ ಕೊಳವೆ ತಡೆಯುತ್ತಿತ್ತು. ಹೊಗೆ ಅಷ್ಟು ಬಿರುಸಾಗಿ ಹಿಂದಕ್ಕೆ ನುಗ್ಗುತ್ತಿತ್ತು, ರಾಕೆಟ್ಟು ಅಷ್ಟು ಬಿರುಸಾಗಿ ಮುಂದಕ್ಕೆ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಬೈಲಿಯ ಸೇನೆ ಮಣ್ಣು ಮುಕ್ಕಿದ್ದು, 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿ ದಿಕ್ಕೆಟ್ಟದ್ದು, ಮುಂದೆ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ಅದೇ ಜಾಡಿನಲ್ಲಿ ರಾಕೆಟ್ಟು ಮಾಡಿದ್ದು ಎಲ್ಲರೂ ಕೇಳಿದ್ದೇ.

ಕೇಳಿರದ ಒಂದು ಮಾತಿದೆ: ರಾಕೆಟ್ಟಿಗೆ ಎತ್ತು ಬೇಡ. ಫಿರಂಗಿಯಲ್ಲಿ ಹಿಂದೊದೆತ ತಾಳಲು ಟನ್ನುಗಟ್ಟಲೆ ಕಬ್ಬಿಣ ಬೇಕು. ರಾಕೆಟ್ಟು ಹಿಂದೊದೆತವನ್ನೇ ಹೊಟ್ಟೆಪಾಡು ಮಾಡಿಕೊಂಡಿದೆ. ಹಿಂದಕ್ಕೆ ಒದೆಯುವುದು ಹೊಗೆ, ಮುಂದಕ್ಕೆ ಹೋಗುವುದು ತಾನು. ನೆಲದ ಮೇಲೆ ಒದೆ ತಿನ್ನುವವರು ಯಾರೂ ಇಲ್ಲ. ಒಬ್ಬಾಳು ಹೆಗಲ ಮೇಲೆ ಹೊತ್ತು ಕಾಡಿನಲ್ಲಿ ನುಸುಳಬಹುದು. ಗುರಿ ಮಾತ್ರ ದೇವರಿಗೆ ಬಿಟ್ಟದ್ದು. ಸೈನ್ಯವನ್ನು ಬೆದರಿಸಬಹುದು, ಕೋಟೆಗೋಡೆಗೆ ಕಿಂಡಿ ಕೊರೆಯಲಾಗದು. ಅದಕ್ಕೇ ಟಿಪ್ಪು ಸಾವಿರಾರು ರಾಕೆಟ್ಟು ಇದ್ದೂ ಅಮೃತಮಹಲಿನ ಒಂದು ಕರುವನ್ನೂ ಕಡಿಮೆ ಮಾಡಲಿಲ್ಲ.

ಮೈಸೂರು ಸೇನೆಯ ಆ ಓಟದ ಕೊನೆಯ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಪಿರಿಯಾಪಟ್ಟಣದ ಅಂಚಿನಲ್ಲಿ. 1799ರಲ್ಲಿ ಪೂರ್ವದಿಂದ ಜನರಲ್ ಹ್ಯಾರಿಸ್‌ನ ಭಾರಿ ಸೇನೆ, ಪಡುವಲಿಂದ ಕೊಡಗಿನ ಮೂಲಕ ಜನರಲ್ ಸ್ಟುವರ್ಟ್‌ನ ಬೊಂಬಾಯಿ ಸೇನೆ. ಹ್ಯಾರಿಸ್‌ನದು ನಡೆಯುವ ಪಟ್ಟಣ. ಮಾರ್ಚಿ 5ಕ್ಕೆ ಗಡಿ ದಾಟಿದ್ದು ಶ್ರೀರಂಗಪಟ್ಟಣದೆದುರು ನಿಂತದ್ದು ಏಪ್ರಿಲ್ 5ಕ್ಕೆ, ಸರಾಸರಿ ದಿನಕ್ಕೆ ಹತ್ತು ಕಿಲೋಮೀಟರೂ ಇಲ್ಲ. ಟಿಪ್ಪುವಿನ ಲೆಕ್ಕ ಚೊಕ್ಕವಾಗಿತ್ತು. ಈ ಆಮೆ ಬರುವಷ್ಟರಲ್ಲಿ ಆ ಕಡೆಯ ಚಿಕ್ಕ ಸೇನೆಯನ್ನು ಮುಗಿಸಿ ವಾಪಸಾಗಬೇಕು. ಫೆಬ್ರವರಿ ಕೊನೆಗೆ ಮದ್ದೂರಿನ ಕಡೆಯಿಂದ ಹೊರಟು ಮಾರ್ಚಿ 5ರ ಬೆಳಿಗ್ಗೆ ಪಿರಿಯಾಪಟ್ಟಣದ ಬಳಿ ಡೇರೆ ಹೊಡೆದ. ಬ್ರಿಟಿಷರ ಕಾಗದಗಳಲ್ಲಿ 'ಸೀದಾಸೀರ್' ಎಂದಿರುವ ಸಿದ್ಧೇಶ್ವರದ ಗುಡ್ಡದ ಮೇಲಿನ ಕಾವಲುಗಾರರಿಗೆ ಆ ಡೇರೆಗಳ ನಡುವೆ ಒಂದು ಹಸಿರು ಡೇರೆ ಕಾಣಿಸಿತು. ಸುಲ್ತಾನನೇ ಬಂದಿದ್ದಾನೆಂದು ಅವರಿಗೆ ಗೊತ್ತಾದದ್ದು ಅದರಿಂದ.

ಮಾರನೆಯ ಬೆಳಿಗ್ಗೆ ಕರ್ನಲ್ ಮಾಂಟ್ರೆಸರ್‌ನ ಮೂರು ಪಟಾಲಮ್ಮುಗಳ ಮೇಲೆ ಮೈಸೂರಿನವರು ಹಿಂದಿನಿಂದಲೂ ಮುಂದಿನಿಂದಲೂ ಬಿದ್ದರು. ಕಾಡು ಎಷ್ಟು ದಟ್ಟವಾಗಿತ್ತೆಂದರೆ ಹತ್ತಿರ ಬರುವವರೆಗೂ ಅವರು ಕಣ್ಣಿಗೇ ಬೀಳಲಿಲ್ಲ. ಆದರೆ ಅದೇ ಕಾಡು ಮೈಸೂರಿಗೆ ಮುಳುವೂ ಆಯಿತು. ಬಯಲಿನಲ್ಲಿ ಹನ್ನೆರಡು ಸಾವಿರ ಜನ ಒಟ್ಟಿಗೆ ಬಿದ್ದರೆ ಅದೊಂದು ಏಟು. ಕಾಡಿನಲ್ಲಿ ಐವತ್ತು ಜನ, ನೂರು ಜನವಾಗಿ ನುಗ್ಗಿದರೆ ಸಣ್ಣ ಸಣ್ಣ ನೂರು ಏಟು. ಬೆಳಗಿನಿಂದ ಮಧ್ಯಾಹ್ನ ಎರಡೂವರೆಯವರೆಗೆ ಮಾಂಟ್ರೆಸರ್ ತಡೆದು ನಿಂತ. ಅಷ್ಟು ಹೊತ್ತಿಗೆ ಸಿದ್ದಾಪುರದ ಕಡೆಯಿಂದ ಸ್ಟುವರ್ಟ್ ಬಂದ. ಕೊಡಗಿನ ವೀರರಾಜೇಂದ್ರ ಅವನ ಜೊತೆಗಿದ್ದ. ಬೆಂಕಿ ನವಾಬನೆಂದು ಹೆಸರಾಗಿದ್ದ ಟಿಪ್ಪುವಿನ ಸರದಾರ ಮಹಮ್ಮದ್ ರಜಾ ಅಂದು ಸತ್ತ. 11ರವರೆಗೆ ಪಿರಿಯಾಪಟ್ಟಣದಲ್ಲೇ ಕಾದಿದ್ದ ಟಿಪ್ಪು ಶ್ರೀರಂಗಪಟ್ಟಣಕ್ಕೆ ಹಿಂದಿರುಗಿದ. ಮೇ 4ರಂದು ಕೋಟೆಯೂ ಬಿತ್ತು, ಅವನೂ ಬಿದ್ದ.

ಗೆದ್ದವರು ಕೋಟೆಯಲ್ಲಿ ಚಿನ್ನ ಹುಡುಕಿದರು, ಪುಸ್ತಕ ಹುಡುಕಿದರು. ವೆಲ್ಲೆಸ್ಲಿಯ ಕಣ್ಣು ಎತ್ತಿನ ಮೇಲಿತ್ತು. ಮರುವರ್ಷ ಧೋಂಡಿಯ ವಾಘನನ್ನು ಅಟ್ಟಿಸಿಕೊಂಡು ಹೋಗುವಾಗ, 1803ರಲ್ಲಿ ಮರಾಠರ ಮೇಲೆ ಹೋಗುವಾಗ ಅವನ ಫಿರಂಗಿಗಳನ್ನು ಎಳೆದದ್ದು ಮೈಸೂರಿನ ಎತ್ತುಗಳೇ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ ಸ್ಪೇನಿನಲ್ಲಿ ನೆಪೋಲಿಯನ್ನನ ಸೇನೆಯ ಎದುರು ನಿಂತಾಗ ಅವನು ಈ ಎತ್ತುಗಳಿಗಾಗಿ ಹಂಬಲಿಸಿದನೆಂಬ ಮಾತು ಅಮೃತಮಹಲಿನ ಚರಿತ್ರೆ ಬರೆದವರಲ್ಲಿ ಮತ್ತೆ ಮತ್ತೆ ಬರುತ್ತದೆ.

ಹಿಂಡು ಮೊದಲು ಮೈಸೂರು ಸಂಸ್ಥಾನದ ಕೈಯಲ್ಲಿತ್ತು. ತಳಿ ಸೊರಗಿತೆಂದು 1813ರಲ್ಲಿ ಮದರಾಸು ಸೇನೆಯ ಕ್ಯಾಪ್ಟನ್ ಹಾರ್ವೆಯ ಉಸ್ತುವಾರಿಗೆ ಹೋಯಿತು. ಹುಣಸೂರು ಅದರ ಕೇಂದ್ರಸ್ಥಾನವಾಯಿತು. ಲಕ್ಷ್ಮಣತೀರ್ಥದ ದಡದ ಈ ಊರಿನಲ್ಲಿ ಸೇನೆಗೆಂದು ತೊಗಲು ಹದ ಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಮರದ ಯಾರ್ಡು ಎಲ್ಲ ಎದ್ದವು. ಎತ್ತು, ಎತ್ತಿನ ಹಿಂದೆ ನಡೆಯುವ ಸಿಪಾಯಿಯ ಬೂಟು, ಅವನು ಹೊದೆಯುವ ಕಂಬಳಿ ಎಲ್ಲವೂ ಹುಣಸೂರಿನದು. 1860ರಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಹಿಂಡನ್ನೇ ಮಾರಿದರು. ಕೆಲವು ದನ ಈಜಿಪ್ಟಿನ ಪಾಷಾನ ಪಾಲಾದವು. ಕೆಲವೇ ವರ್ಷಗಳಲ್ಲಿ ತಪ್ಪು ತಿಳಿದು, ಚದುರಿದ್ದನ್ನು ಹುಡುಕಿ ಕೊಂಡು ಮತ್ತೆ ಹಿಂಡು ಕಟ್ಟಿದರು. ನೂರೈವತ್ತು ವರ್ಷ ಆಯ್ದು ಬೆಳೆಸಿದ್ದನ್ನು ಒಂದು ಸಹಿಯಲ್ಲಿ ಕಳೆಯುವ ಗುಮಾಸ್ತಗಿರಿ ಆಗಲೂ ಇತ್ತು. 1864ರಲ್ಲಿ ಹುಣಸೂರಿನ ಸೇನಾ ಕಾರ್ಖಾನೆಗಳೂ ಮುಚ್ಚಿದವು. ಕಸುಬು ಮಾತ್ರ ಊರಿನಲ್ಲಿ ಉಳಿಯಿತು; ಆಮೇಲೂ ಬಹಳ ಕಾಲ ಎತ್ತಿನ ಗಾಡಿ ಕಟ್ಟುವುದಕ್ಕೆ ಹುಣಸೂರು ಹೆಸರುವಾಸಿಯಾಗಿತ್ತು.

ಈಗ ಅಮೃತಮಹಲ್ ತಳಿ ನೋಡಬೇಕೆಂದರೆ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರಕ್ಕೆ ಹೋಗಬೇಕು. ಹುಣಸೂರು, ಪಿರಿಯಾಪಟ್ಟಣ, ರಾವಂದೂರಿನ ದಾರಿಗಳಲ್ಲಿ ಹೊಗೆಸೊಪ್ಪಿನ ಬೇಲುಗಳನ್ನು ಟ್ರ್ಯಾಕ್ಟರು, ಟೆಂಪೊಗಳು ಎಳೆಯುತ್ತವೆ. ಆದರೆ ಅಮೃತಮಹಲಿನ ದಾಯಾದಿಯಾದ ಹಳ್ಳಿಕಾರ್ ಇನ್ನೂ ನಮ್ಮಲ್ಲಿದೆ. ಕೆ.ಆರ್. ನಗರದ ಹತ್ತಿರದ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ದನಗಳ ಜಾತ್ರೆ ಕಟ್ಟುತ್ತದೆ. ಕೋಡಿಗೆ ಬಣ್ಣ, ಮೈಗೆ ಗೆಜ್ಜೆ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಹೋದರೆ ಎಲ್ಲರ ಹಾಗೆ ಬಾಯಿ ಬಿಡಿಸಿ ಹಲ್ಲು ಎಣಿಸಲು ನಿಲ್ಲಬೇಡಿ. ಒಮ್ಮೆ ಹೆಗಲ ಮೇಲೆ ಕೈಯಿಟ್ಟು, ನೊಗ ಕೂತು ದಡ್ಡುಗಟ್ಟಿದ ಜಾಗವನ್ನು ಮುಟ್ಟಿ ನೋಡಿ ಬನ್ನಿ.